ದಿವಾನಿಯಾ ಮಣ್ಣಿನದು, ಹಜಾರ ಪ್ಯಾರಿಸ್ಸಿನದು

ಕುವೈತಿಗೆ ಬಂದ ಮೇಲೆ ನಾನು ಮನೆಗಳಿಗಿಂತ ಹೆಚ್ಚಾಗಿ ಅರಮನೆಗಳ ನಕ್ಷೆಯನ್ನೇ ಬಿಡಿಸಿದ್ದೇನೆ. ನಮ್ಮ ಆಫೀಸು ಇರುವುದು ಫರ್ವಾನಿಯಾದ ಒಂದು ಹಳೇ ಕಟ್ಟಡದ ಮಾಳಿಗೆಯಲ್ಲಿ. ಕೆಳಗೆ ಕೋಳಿ ಸುಡುವ ಅಂಗಡಿ, ಅದರ ಪಕ್ಕದಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುವವನು. ಸುಟ್ಟ ಕೋಳಿಯ ವಾಸನೆಯ ನಡುವೆ ಕುಳಿತು ನಾನು ಅಮೃತಶಿಲೆಯ ಮೆಟ್ಟಿಲು, ಚಿನ್ನದ ಗೆರೆಯ ಕಂಬ, ದೇಶದ ಯಾವ ಚಳಿಗೂ ಬೇಕಿಲ್ಲದ ಬೆಂಕಿಗೂಡು ಇವನ್ನೆಲ್ಲ ಕಂಪ್ಯೂಟರಿನಲ್ಲಿ ಎಳೆಯುತ್ತೇನೆ. ಊರಿನಲ್ಲಿ ನಾನು ಕಲಿತದ್ದು ಚಿತ್ರಕಲೆ. ಆದರೆ ಚಿತ್ರಕಾರನಿಗೆ ಇಕಾಮಾ ಎಂಬ ವಾಸದ ಪರವಾನಗಿ ಹೊಡೆಸಿಕೊಡುವ ಕಫೀಲನನ್ನು, ಅಂದರೆ ಜಾಮೀನು ನಿಲ್ಲುವ ಧಣಿಯನ್ನು, ನಾನಿನ್ನೂ ಕಂಡಿಲ್ಲ. ಹಾಗಾಗಿ ಡ್ರಾಫ್ಟ್ಸ್‌ಮನ್ ಆದೆ.

ನಮ್ಮಲ್ಲಿಗೆ ಬರುವವರು ಸಾಮಾನ್ಯವಾಗಿ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, ಇದು ಬೇಕು ಅನ್ನುತ್ತಾರೆ. ಒಂದು ಮನೆಗೆ ಒಂದು ಅರಮನೆ ಎಂಬುದು ಲೆಕ್ಕ. ಒಂದು ವರ್ಷ ಬಂದ ಗಂಡಹೆಂಡತಿಗೆ ಮಾತ್ರ ಒಂದೇ ಮನೆಯಲ್ಲಿ ಎರಡು ಬೇಕಾಗಿತ್ತು.

ಗಂಡ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಕೆಲಸದಲ್ಲಿದ್ದಷ್ಟು ಕಾಲವೂ ಅಹ್ಮದಿಯ ಕಂಪನಿ ಮನೆಯಲ್ಲಿ, ಹುಲ್ಲುಹಾಸು, ಬೇಲಿ, ಮೂಲೆಗೊಂದು ಮರ ಎಂದು ಬದುಕಿದವರು. ಈಗ ಅಹ್ಮದಿಯಿಂದಾಚೆಯ ಹೊಸ ಬಡಾವಣೆಯಲ್ಲಿ ಸ್ವಂತ ವಿಲ್ಲಾ ಎದ್ದಿತ್ತು. ಅದರಲ್ಲಿ ಗಂಡಸರು ಕೂತು ಮಾತಾಡುವ ದಿವಾನಿಯಾ ಮಾತ್ರ ಅವರ ಮುತ್ತಜ್ಜನ ಮನೆಯ ಹಾಗಿರಬೇಕಂತೆ.

"ಸಾವಿರದ ಎಂಟುನೂರ ಐವತ್ತರ ಕುವೈತ್," ಎಂದರು. "ಮಣ್ಣು, ಸಮುದ್ರದ ಕಲ್ಲು, ಮರದ ಬಾಗಿಲು. ಅಷ್ಟೇ. ನನಗೆ ಆಡಂಬರ ಆಗುವುದಿಲ್ಲ."

"ನನ್ನ ಹಜಾರಕ್ಕೂ ಅದೇ ಕಾಲ ಬೇಕು," ಎಂದರು ಹೆಂಡತಿ. "ಆದರೆ ಪ್ಯಾರಿಸ್ಸಿನದು."

ಅವರು ಮೊಬೈಲಿನಲ್ಲಿ ಚಿತ್ರಗಳನ್ನು ಸರಿಸತೊಡಗಿದರು. ಕನ್ನಡಿಗಳ ಮೇಲೆ ಕನ್ನಡಿ, ಕೆಂಪು ಮಖಮಲ್ಲು, ಛಾವಣಿಯ ತುಂಬ ಆಕಾಶ, ಆಕಾಶದ ತುಂಬ ರೆಕ್ಕೆಯ ಶಿಶುಗಳು. ನಮ್ಮ ಮ್ಯಾನೇಜರು ಲೆಬನಾನಿನವರು. ಅವರು ಇಬ್ಬರ ಮುಖವನ್ನೂ ನೋಡಿ, "ಒಂದೇ ಕಾಲದವು ಅಂದ ಮೇಲೆ ಹೊಂದಿಕೊಳ್ಳಲೇಬೇಕಲ್ಲ?" ಎಂದು ಕೈ ತಿಕ್ಕಿಕೊಂಡರು. ಅವರ ಅಷ್ಟು ವರ್ಷಗಳ ಅನುಭವದಲ್ಲಿ ಗಿರಾಕಿಗಳನ್ನು ಹೊಂದಿಸುವುದು ಕಷ್ಟವಿತ್ತೇ ಹೊರತು ಶೈಲಿಗಳನ್ನಲ್ಲ.

ಆ ಕೆಲಸದ ನೆಪದಲ್ಲಿ ನಾನು ಹತ್ತೊಂಬತ್ತನೇ ಶತಮಾನದ ನಡುಭಾಗವನ್ನು ಓದಿಕೊಂಡೆ. ಆಗಿನ ಕುವೈತ್ ಗೋಡೆಯೊಳಗಿನ ಒಂದು ಪುಟ್ಟ ಪೇಟೆ. ಮಣ್ಣು ಮೆತ್ತಿದ ಮನೆಗಳು ಬಿಸಿಲಿಗೆ ಬೆನ್ನು ಹಾಕಿ ಅಂಗಳದ ಕಡೆ ಮುಖ ಮಾಡಿದ್ದವು. ಮಾಡಿನ ಕಂಬಗಳು ಆಫ್ರಿಕಾದಿಂದ, ಬಾಗಿಲಿನ ತೇಗ ನಮ್ಮ ಪಶ್ಚಿಮ ಕರಾವಳಿಯಿಂದ ಹಡಗು ಹತ್ತಿ ಬರುತ್ತಿದ್ದವು. ಕಲ್ಲನ್ನು ಸಮುದ್ರವೇ ಕೊಡುತ್ತಿತ್ತು. ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಹಳೇ ಓಣಿಗಳನ್ನು ಒಡೆದು ಅಗಲದ ಬೀದಿ ಹಾಕುತ್ತಿದ್ದರು. ಅಲ್ಲಿನ ಹೊಸ ಹಣವಂತರು ಮನೆ ಕಟ್ಟಿಸುವಾಗ ತಮಗಿಂತ ನೂರು, ಇನ್ನೂರು, ಮುನ್ನೂರು ವರ್ಷ ಹಿಂದಿನ ದೊರೆಗಳ ಅಲಂಕಾರವನ್ನೆಲ್ಲ ಒಟ್ಟಿಗೆ ನಕಲು ಮಾಡಿಸಿದರು. ಹೂಬಳ್ಳಿಗಳನ್ನು ಶಿಲ್ಪಿ ಕೆತ್ತಬೇಕೆಂದೇನೂ ಇರಲಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದು ಅಂಗಡಿಯಲ್ಲಿ ಮಾರುತ್ತಿದ್ದರು, ಬೇಕಾದಷ್ಟು ಉದ್ದ ಕೊಂಡುಕೊಂಡು ಗೋಡೆಗೆ ಅಂಟಿಸಿದರೆ ಆಯಿತು. ಇದನ್ನು ಓದಿದ ದಿನ ನನಗೆ ತುಂಬ ಸಮಾಧಾನವಾಯಿತು. ಚೀನಾದಿಂದ ಬರುವ ಫೋಮಿನ ಹೂಬಳ್ಳಿಯನ್ನು ಮೀಟರಿನಲ್ಲಿ ಅಳೆದು ಅಂಟಿಸುವ ನಾವು, ಪರಂಪರೆಯನ್ನೇ ಮುಂದುವರಿಸುತ್ತಿದ್ದೆವು.

ಕೆಲಸ ಶುರುವಾಯಿತು. ಸೈಟಿನ ಫೋರ್‌ಮನ್ ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು. ನಾನು ಕ್ರಿಶ್ಚಿಯನ್ ಆದ್ದರಿಂದ ಅವರು ನನ್ನನ್ನು ಊರಿನ ರೂಢಿಯಂತೆ ಪೊರ್ಬುಗಳೇ ಅನ್ನುತ್ತಿದ್ದರು, ನಾನು ಬ್ಯಾರಿಗಳೇ ಅನ್ನುತ್ತಿದ್ದೆ. ಮನೆಯಲ್ಲಿ ಅವರದು ಬ್ಯಾರಿ ಭಾಷೆ, ನಮ್ಮದು ಕೊಂಕಣಿ. ಸೈಟಿನಲ್ಲಿ ಮಾತ್ರ ಇಬ್ಬರೂ ಕನ್ನಡದವರು.

ದಿವಾನಿಯಾದ ಗೋಡೆಗಳು ಕಾಂಕ್ರೀಟು. ಅದರ ಮೇಲೆ ಮಣ್ಣಿನ ಬಣ್ಣದ ಸಿಮೆಂಟ್ ಗಾರೆ, ಗಾರೆಯಲ್ಲಿ ಹುಲ್ಲಿನ ಚೂರು. ಮೊದಲ ಗೋಡೆ ಮುಗಿದಾಗ ಯಜಮಾನರು ಬಂದು ನೋಡಿ ಅಡ್ಡಡ್ಡ ತಲೆಯಾಡಿಸಿದರು. ತುಂಬ ನೇರವಾಗಿದೆ, ಮುತ್ತಜ್ಜನ ಗೋಡೆ ಹೀಗಿರಲಿಲ್ಲ ಎಂದರು. ಅವರು ಹೋದ ಮೇಲೆ ಫೋರ್‌ಮನ್ ಮಟ್ಟಗೋಲನ್ನು ನೆಲಕ್ಕಿಟ್ಟರು.

"ಎಂತ ಮಾರಾಯ್ರೆ ಇದು. ಈ ಗಾರೆಯ ಜನರಿಗೆ ಸಮ ಮಾಡ್ಲಿಕ್ಕೆ ಕಲಿಸುವಷ್ಟರಲ್ಲಿ ನನ್ನ ಅರ್ಧ ತಲೆ ಬೆಳ್ಳಗಾಯ್ತು. ಈಗ ಓರೆ ಮಾಡಿ ಅಂದ್ರೆ ಅವರ ಕೈ ಕೇಳುದಿಲ್ಲ."

"ಸ್ವಲ್ಪ ಉಬ್ಬು ತಗ್ಗು ಸಾಕು ಬ್ಯಾರಿಗಳೇ. ನಾನು ನಕ್ಷೆಯಲ್ಲಿ ತೋರಿಸ್ತೇನೆ."

"ಓರೆಗೂ ನಕ್ಷೆ ಉಂಟಾ?" ಎಂದು ಅವರು ನಕ್ಕರು. ಇತ್ತು. ಎಲ್ಲಿ ಎಷ್ಟು ಉಬ್ಬಬೇಕು, ಯಾವ ಮೂಲೆ ಎಷ್ಟು ಸವೆದಂತಿರಬೇಕು ಎಂದು ನಾನೇ ಅಳತೆ ಹಾಕಿ ಕೊಟ್ಟೆ. ಗಾರೆಯವರು ಮಟ್ಟಗೋಲು ಹಿಡಿದೇ ಆ ಸೊಟ್ಟವನ್ನು ನಿಖರವಾಗಿ ಮಾಡಿ ಮುಗಿಸಿದರು.

ಇತ್ತ ಪ್ಯಾರಿಸ್ಸಿನ ಹಜಾರದಲ್ಲಿ ಎಲ್ಲವೂ ಸುಸೂತ್ರವಾಗಿ ಅಂಟುತ್ತಿತ್ತು. ತೊಂದರೆ ಬಂದದ್ದು ಛಾವಣಿಗೆ. ಅದನ್ನು ಬರೆಯಲು ಹೊರದೇಶದಿಂದ ಬರಬೇಕಾಗಿದ್ದ ಚಿತ್ರಕಾರನಿಗೆ ವೀಸಾ ಆಗಲಿಲ್ಲ. ಯಜಮಾನಿ ಸಿಟ್ಟಾದರು. ನಮ್ಮ ಮ್ಯಾನೇಜರು ಒಂದು ಬೆಳಿಗ್ಗೆ ನನ್ನ ಮೇಜಿನ ಬಳಿ ಬಂದು, ನಾನು ಕೆಲಸಕ್ಕೆ ಸೇರುವಾಗ ಹೇಳಿದ್ದ ಡಿಪ್ಲೊಮಾವನ್ನು ನೆನಪಿಸಿದರು. ನಾನೇ ಮರೆತಿದ್ದೆ. "ನಿನಗೆ ಶಿಶುಗಳನ್ನು ಬರೆಯಲಿಕ್ಕೆ ಬರುತ್ತದೆಯೇ?" ಎಂದು ಕೇಳಿದರು. ಅವರ ವಾಕ್ಯ ಮುಗಿಯುವ ಮೊದಲೇ ಬರುತ್ತದೆ ಎಂದುಬಿಟ್ಟೆ. ಸಂಬಳದ ಮಾತು ಕೂಡ ಎತ್ತಲಿಲ್ಲ ಎಂದು ನನ್ನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ಅವಳು ಆಸ್ಪತ್ರೆಯಲ್ಲಿ ನರ್ಸು, ಮಾತಿಗೆ ಮೊದಲು ಸಹಿ ನೋಡುವವಳು.

ಚಕ್ರದ ಅಟ್ಟಣಿಗೆಯ ಮೇಲೆ ಅಂಗಾತ ಮಲಗಿ ನಾನು ಮತ್ತೆ ಕುಂಚ ಹಿಡಿದೆ. ಕುತ್ತಿಗೆ ಹಿಡಿಯಿತು, ಕಣ್ಣಿಗೆ ಬಣ್ಣ ತೊಟ್ಟಿಕ್ಕಿತು. ಜಿಪ್ಸಮ್ಮಿನ ಹಲಗೆ ಬಣ್ಣವನ್ನು ಕುಡಿಯುವ ಬಗೆಯೇ ಬೇರೆ, ಅದನ್ನು ತಿಳಿಯುವಷ್ಟರಲ್ಲಿ ಒಂದು ಮೂಲೆಯ ಆಕಾಶ ಹಾಳಾಯಿತು. ಅದನ್ನು ಸಂಜೆ ಮಾಡಿ ಸುಧಾರಿಸಿದೆ. ಆದರೂ ಬೆಳಿಗ್ಗೆ ಕಂಪನಿಯ ವ್ಯಾನಿನಲ್ಲಿ ಹೊರಟಾಗ ನಾನು ಗುನುಗುತ್ತಿದ್ದೇನೆಂದು ಡ್ರೈವರು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಕಂಪ್ಯೂಟರಿನಲ್ಲಿ ತಪ್ಪಿದರೆ ಒಂದು ಗುಂಡಿ ಒತ್ತಿದರೆ ಸಾಕು, ಗೆರೆ ಹಿಂದಕ್ಕೆ ಹೋಗುತ್ತದೆ. ಇಲ್ಲಿ ತಪ್ಪಿನ ಮೇಲೆಯೇ ಮುಂದುವರಿಯಬೇಕು. ಅಷ್ಟು ವರ್ಷ ನಾನು ಕಳೆದುಕೊಂಡಿದ್ದು ಇದನ್ನೇ ಎಂದು ಮೋಡಗಳಿಗೆ ಬಿಳಿ ಹಚ್ಚುತ್ತ ಅನಿಸಿತು.

ಶಿಶುಗಳ ಮುಖಕ್ಕೆ ಯಾರನ್ನು ನೋಡಿ ಬರೆಯಲಿ ಎಂದು ಕೇಳಿದಾಗ ಯಜಮಾನಿ ತಮ್ಮ ಮೊಮ್ಮಕ್ಕಳ ಫೋಟೊಗಳನ್ನು ಕಳಿಸಿದರು. ಒಬ್ಬನ ಕೆನ್ನೆ ಗುಳಿ, ಒಬ್ಬಳ ಗುಂಗುರು ಕೂದಲು, ಇನ್ನೊಬ್ಬನಿಗೆ ಮುಂದಿನ ಹಲ್ಲೇ ಇಲ್ಲ. ಎಲ್ಲವನ್ನೂ ಇದ್ದ ಹಾಗೆಯೇ ಬರೆದೆ, ಬೆನ್ನಿಗೆ ರೆಕ್ಕೆ ಕೊಟ್ಟೆ. ಯಜಮಾನಿ ಬಂದು ನೋಡಿ ಕಣ್ಣು ಒರೆಸಿಕೊಂಡರು. ಮನೆಯಲ್ಲಿ ಮಗಳಿಗೆ ಮೊಬೈಲಿನಲ್ಲಿ ತೋರಿಸಿದೆ. ಅವಳಿಗೆ ನನ್ನ ಕನ್ನಡ, ಕೊಂಕಣಿ ಎರಡೂ ಅರ್ಥವಾಗುತ್ತವೆ, ಉತ್ತರ ಬರುವುದು ಮಾತ್ರ ಇಂಗ್ಲಿಷಿನಲ್ಲಿ. "ವಾವ್ ಪಪ್ಪಾ, ಯೂ ಕ್ಯಾನ್ ಆ್ಯಕ್ಚುಯಲಿ ಪೇಂಟ್!" ಎಂದಳು. ಆ ನಡುವಿನ ಆಶ್ಚರ್ಯದ ಪದವನ್ನು ನಾನು ಪ್ರಶಸ್ತಿಯೆಂದೇ ಇಟ್ಟುಕೊಂಡೆ.

ಛಾವಣಿ ಮುಗಿಯುತ್ತ ಬಂದಾಗ ಯಜಮಾನರ ತಾಯಿ ಮನೆ ನೋಡಲು ಬಂದರು. ಎಂಬತ್ತು ದಾಟಿದ ಮುದುಕಿ. ಗಾಲಿಕುರ್ಚಿ, ಕಪ್ಪು ಅಬಾಯಾ, ಕೈಯಲ್ಲಿ ಜಪಮಣಿ. ಹಜ್ ಮಾಡಿ ಬಂದವರೆಂದು ಎಲ್ಲರೂ ಹಜ್ಜಿಯಾ ಅನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಮೊದಲು ಮಗ ಅವರನ್ನು ತನ್ನ ದಿವಾನಿಯಾಕ್ಕೆ ತಳ್ಳಿಕೊಂಡು ಹೋದರು. ಅಮ್ಮ ಹುಟ್ಟಿದ್ದು ಅಂಥದ್ದೇ ಮಣ್ಣಿನ ಮನೆಯಲ್ಲಿ, ಅವರ ಕಣ್ಣು ತುಂಬುತ್ತದೆ ಎಂದು ಮಗನ ನಿರೀಕ್ಷೆ. ಹಜ್ಜಿಯಾ ಗೋಡೆಯನ್ನು ಬೆರಳಿಂದ ಕೆರೆದು ನೋಡಿ ಏನೋ ಕೇಳಿದರು. ಅರಬ್ಬಿ ಚೆನ್ನಾಗಿ ಬಲ್ಲ ಫೋರ್‌ಮನ್ ನನ್ನ ಕಿವಿಯಲ್ಲಿ ಹೇಳಿದರು:

"ಪೇಂಟ್ ಯಾವಾಗ ಹೊಡೀತೀರಿ ಅಂತ ಕೇಳ್ತಿದ್ದಾರೆ."

ಆಮೇಲೆ ಹಜಾರ. ಗಾಲಿಕುರ್ಚಿ ನಡುವಿಗೆ ಬಂದು ನಿಂತಿತು. ಹಜ್ಜಿಯಾ ತಲೆ ಎತ್ತಿದರು. ನಾನು ಅಟ್ಟಣಿಗೆಯ ಪಕ್ಕದಲ್ಲಿ, ಹೊಗಳಿಕೆಗೆ ತಯಾರಾದ ಮುಖ ಹೊತ್ತು ನಿಂತಿದ್ದೆ. ಅವರು ಬಹಳ ಹೊತ್ತು ನೋಡಿದರು. ಗುಳಿಯ ಕೆನ್ನೆ, ಗುಂಗುರು ಕೂದಲು, ಹಲ್ಲಿಲ್ಲದ ಬಾಯಿ. ಒಬ್ಬೊಬ್ಬರನ್ನೂ ಬೆರಳು ಮಾಡಿ ಹೆಸರು ಹಿಡಿದು ಗುರುತಿಸಿದರು. ಆಮೇಲೆ ಜಪಮಣಿ ನಿಂತಿತು. ಸೊಸೆಯ ಕಡೆ ತಿರುಗಿ ಮೆಲ್ಲಗೆ ಒಂದು ಮಾತು ಕೇಳಿದರು.

"ಎಂತ ಹೇಳಿದ್ರು?" ಎಂದೆ.

ಫೋರ್‌ಮನ್ ನನ್ನ ಕಡೆ ಬಗ್ಗಿದರು. "ಮಕ್ಕಳು ಬದುಕಿ ಇರುವಾಗ ರೆಕ್ಕೆ ಯಾಕೆ ಹಚ್ಚಿದ್ದು ಅಂತ ಕೇಳಿದ್ರು."

ಸೊಸೆ ಏನೇನೋ ವಿವರಿಸಿದರು. ಪ್ಯಾರಿಸ್, ಕಲೆ, ಅಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ. ಹಜ್ಜಿಯಾ ಕೇಳಿಸಿಕೊಂಡರು. ಮನೆಯೊಳಗೆ ಮುಖ ಬರೆಯುವುದು ಸರಿಯಲ್ಲ, ಅದರಡಿ ನಮಾಜು ಮಾಡಲಾಗದು ಎಂದು ಹೇಳಬಹುದಾಗಿತ್ತು, ಅದನ್ನೂ ಕೊನೆಗೆ ಹೇಳಿದರು. ಆದರೆ ಮೊದಲು ಹೇಳಿದ್ದು ಬೇರೆ. ಮಣ್ಣಿನ ಮನೆಯ ಕಾಲದಲ್ಲಿ ಅವರಿಗೆ ಹುಟ್ಟಿದ ಮೊದಲಿನ ಇಬ್ಬರು ಮಕ್ಕಳು ಜ್ವರ ಬಂದು ತೀರಿಕೊಂಡಿದ್ದರಂತೆ. ಅವು ಈಗ ಸ್ವರ್ಗದಲ್ಲಿ ಹಕ್ಕಿಗಳಾಗಿವೆ ಎಂದು ಅವರ ತಾಯಿ ಸಮಾಧಾನ ಮಾಡಿದ್ದರಂತೆ. "ನನ್ನ ಹಕ್ಕಿಗಳು ಅಲ್ಲಿ ಇವೆ. ಇವು ನೆಲದ ಮೇಲೆಯೇ ಓಡಾಡಿಕೊಂಡಿರಲಿ," ಎಂದರು. ಮಗ ಬಗ್ಗಿ ಅಮ್ಮನ ಹಣೆಗೆ ಮುತ್ತು ಕೊಟ್ಟರು. ಅಲ್ಲಿಗೆ ಪ್ಯಾರಿಸ್ ಖಲಾಸ್.

ನನಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ರಾತ್ರಿ ಮನೆಯಲ್ಲಿ ಎಲ್ಲವನ್ನೂ ಹೇಳಿಕೊಂಡೆ. ನನ್ನ ಹೆಂಡತಿ ಮಾತ್ರ ಆ ಮುದುಕಿಯ ಪರ. ಮಕ್ಕಳ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದವಳು. "ಅವರು ಕೇಳಿದ್ದರಲ್ಲಿ ಎಂತ ತಪ್ಪುಂಟು? ನಮ್ಮ ಮಗಳನ್ನು ಹಾಗೆ ಬರೀತಿದ್ರಾ ನೀವು?" ಎಂದಳು. ಬರೆಯುತ್ತಿರಲಿಲ್ಲ.

ಮರುದಿನ ನಾನೇ ಅಟ್ಟಣಿಗೆ ಹತ್ತಿ ಒಬ್ಬೊಬ್ಬರ ಮೇಲೂ ಮೋಡ ತಂದೆ. ಬೇರೆಯವರ ಕೈಗೆ ಆ ಕೆಲಸ ಕೊಡಲು ಮನಸ್ಸಾಗಲಿಲ್ಲ. ಮೊದಲು ರೆಕ್ಕೆ, ಆಮೇಲೆ ಕಾಲು, ಕೊನೆಗೆ ಮುಖ. ಹಲ್ಲಿಲ್ಲದವನ ಮೇಲೆ ಬಿಳಿ ಬಳಿಯುವಾಗ ಕೈ ಸ್ವಲ್ಪ ನಿಧಾನವಾಯಿತು. ಕೆಳಗೆ ನಿಂತು ನೋಡುತ್ತಿದ್ದ ಫೋರ್‌ಮನ್ ಬಹಳ ಯೋಚಿಸಿ ಸಮಾಧಾನ ಹೇಳಿದರು: "ಮೋಡ ಮಾತ್ರ ಒಳ್ಳೆ ದಪ್ಪ ಬಂತು ಪೊರ್ಬುಗಳೇ."

ಆಕಾಶ ಖಾಲಿಯಾಯಿತು. ಖಾಲಿ ಆಕಾಶ ಪ್ಯಾರಿಸ್ಸಿನಲ್ಲಿ ಎಲ್ಲಿಯೂ ಇಲ್ಲ ಎಂದು ಯಜಮಾನಿ ಅತ್ತರು. ಜೀವವಿಲ್ಲದ್ದು ಏನಾದರೂ ಬರೆಯಬಹುದೇ ಎಂದು ಮಗ ಅಮ್ಮನನ್ನು ಕೇಳಿದರು. ಹಜ್ಜಿಯಾ ನನ್ನನ್ನು ಹತ್ತಿರ ಕರೆದು, ಊರು ಯಾವುದು ಎಂದು ವಿಚಾರಿಸಿದರು.

"ಮಂಗಳೂರು," ಎಂದೆ.

"ಮಂಜಲೂರ್!" ಎಂದು ಅವರು ಕೂತಲ್ಲೇ ನೆಟ್ಟಗಾದರು. ಅವರ ಅಪ್ಪ ಹಡಗಿನ ನಾಯಕ, ನೌಖದಾ. ಖರ್ಜೂರ ಹೇರಿಕೊಂಡು ಹೋಗಿ, ನಮ್ಮ ಕಡೆಯಿಂದ ಮರ, ಹಂಚು, ಹುರಿಹಗ್ಗ ತುಂಬಿಕೊಂಡು ಬರುತ್ತಿದ್ದವರಂತೆ. ಅಪ್ಪನ ಅಪ್ಪನೂ ಅದೇ, ಅವನ ಅಪ್ಪನೂ ಅದೇ. ಸಾವಿರದ ಎಂಟುನೂರ ಐವತ್ತರಲ್ಲಿ ಆ ಮನೆಯ ಗಂಡಸರು ದಿವಾನಿಯಾದಲ್ಲಿ ಕೂತದ್ದಕ್ಕಿಂತ ಸಮುದ್ರದ ಮೇಲೆ ಇದ್ದದ್ದೇ ಹೆಚ್ಚು. "ಹಡಗು ಬರಿ," ಎಂದರು. ಅದಕ್ಕೆ ಉಸಿರಿಲ್ಲ, ಅದರಡಿ ನಮಾಜಿಗೂ ಅಡ್ಡಿಯಿಲ್ಲ.

ಹಾಗೆ ಪ್ಯಾರಿಸ್ಸಿನ ಆಕಾಶದಲ್ಲಿ ಅರಬ್ ಹಡಗುಗಳು ತೇಲಿದವು. ಹಜ್ಜಿಯಾ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬರುವರು, ಚಹಾ ತರಿಸಿಕೊಂಡು ಕೆಳಗೆ ಕೂತು ನನ್ನ ಕೆಲಸ ತಿದ್ದುವರು. ಹಾಯಿ ಹಾಗಲ್ಲ, ಗಾಳಿ ಈ ಕಡೆಯಿಂದ. ಮರ ಹೇರಿದ ಹಡಗು ನೀರಿನಲ್ಲಿ ಅಷ್ಟು ಮೇಲೆ ನಿಲ್ಲುವುದಿಲ್ಲ, ತಗ್ಗಿಸು. ನೀರೇ ಇಲ್ಲ, ಮೋಡ ಎಂದು ನಾನು ಹೇಳಿಸಿದೆ. ಹಾಗಾದರೆ ಮೋಡದಲ್ಲಿ ತಗ್ಗಿಸು ಎಂದರು. ಕೂವೆಮರ ವಾಲಿದಾಗ ಅವರು "ಸೀದಾ! ಸೀದಾ!" ಎಂದು ಕೂಗಿದರು. ನಾನು ಫೋರ್‌ಮನ್ ಕಡೆ ನೋಡಲಿಲ್ಲ. ಅದಕ್ಕೆ ಅನುವಾದ ಬೇಕಿರಲಿಲ್ಲ. ಹಿಂದೂಸ್ತಾನದ ಮರದ ಜೊತೆ ಆ ಮಾತು ಕೂಡ ಹಡಗು ಹತ್ತಿ ಬಂದು ಅವರ ಬಾಯಿಯಲ್ಲಿ ಉಳಿದಿತ್ತು. ಬೀಸುವ ಬಂಕಾ, ಕಾಲಿನ ಜೂತಿ ಎಂದು ಅಂಥ ಮಾತುಗಳನ್ನು ಅವರು ಒಂದೊಂದಾಗಿ ಹೇಳಿ, ನನಗೆ ಅರ್ಥವಾಗುತ್ತದೆಯೇ ಎಂದು ಪರೀಕ್ಷೆ ಮಾಡುವರು. ಅರ್ಥವಾದರೆ ನನಗೂ ಒಂದು ಲೋಟ ಚಹಾ.

ಯಜಮಾನಿ ಈ ದಿನಗಳಲ್ಲಿ ಹಜಾರದ ಕಡೆ ಬರಲೇ ಇಲ್ಲ.

ಚಳಿಗಾಲದ ಮೊದಲ ಮಳೆ ಆ ವರ್ಷ ಜೋರಾಗಿ ಬಂತು. ಗೃಹಪ್ರವೇಶದ ಊಟಕ್ಕೆ ಒಂದು ವಾರವೂ ಇರಲಿಲ್ಲ. ಮಣ್ಣಿನ ದಿವಾನಿಯಾದ ಮೇಲೆ, ಹಳೇ ಮನೆಗಳಿಗೆ ಇದ್ದಂತೆ ನೀರು ಹೊರಚೆಲ್ಲುವ ಮರದ ದೋಣಿಗಳನ್ನು ನಾವು ಸಿಕ್ಕಿಸಿದ್ದೆವು, ನೋಟಕ್ಕೆ ಮಾತ್ರ. ಅವುಗಳ ಬುಡದಲ್ಲಿ ಬಿಟ್ಟ ಸಂದಿಯಿಂದ ನೀರು ಒಳಗಿಳಿದು, ಮಾಡಿಗೆ ನಾವು ಹಾಕಿದ್ದ ಆಫ್ರಿಕಾದ ಕಂಬಗಳನ್ನು ತೋಯಿಸಿ, ಗಾದಿಯ ಮೇಲೆ ಸುರಿಯಿತು. ಯಜಮಾನರು ನಮ್ಮ ಮ್ಯಾನೇಜರಿಗೆ ಫೋನಿನಲ್ಲಿ ಕಿರುಚುತ್ತಿದ್ದರು. ಮ್ಯಾನೇಜರು ಫೋರ್‌ಮನ್‌ಗೆ, ಫೋರ್‌ಮನ್ ಪೈಪಿನವನಿಗೆ. ಯಲ್ಲಾ, ಯಲ್ಲಾ ಎಂದು ಎಲ್ಲರೂ ಬಾಲ್ದಿ ಹುಡುಕುತ್ತಿರುವಾಗ ಹಜ್ಜಿಯಾ ಗಾಲಿಕುರ್ಚಿಯಲ್ಲಿ ಬಾಗಿಲವರೆಗೆ ಬಂದರು. ಸೋರುವ ಮಾಡು, ತೋಯ್ದ ಗಾದಿ, ಪ್ಯಾಂಟು ಮಡಚಿಕೊಂಡು ನಿಂತ ಮಗ. ಅವರ ಕಣ್ಣು ಆಗ ತುಂಬಿತು, ನಗುವಿನಿಂದ.

ಫೋರ್‌ಮನ್ ತೊಯ್ದುಕೊಂಡೇ ಅನುವಾದ ಮಾಡಿದರು. "ಈಗ ನೋಡು, ಥೇಟ್ ಅಜ್ಜನ ಮನೆ ಅಂತೆ. ಮಳೆ ಬಂದ್ರೆ ಅವರು ಮಕ್ಕಳನ್ನು ಎತ್ತಿಕೊಂಡು ಮೂಲೆಯಿಂದ ಮೂಲೆಗೆ ಓಡ್ತಿದ್ರಂತೆ. ಸರಕಾರದ ಕಾಂಕ್ರೀಟ್ ಮನೆ ಸಿಕ್ಕಿದ ದಿನ ಇಡೀ ಓಣಿಗೆ ಸಿಹಿ ಹಂಚಿದ್ರಂತೆ."

ಮಗ ಬಾಲ್ದಿ ಹಿಡಿದು ನಿಂತಲ್ಲೇ ಅಮ್ಮನ ಮುಖ ನೋಡಿದರು. ಆಮೇಲೆ ಅವರೂ ನಗತೊಡಗಿದರು. ಸಂದಿಗೆ ಸಿಲಿಕೋನ್ ತುಂಬಿ, ಗಾದಿ ಬದಲಿಸಿ, ನಾವು ಸಾವಿರದ ಎಂಟುನೂರ ಐವತ್ತನ್ನು ಸಮಯಕ್ಕೆ ಸರಿಯಾಗಿ ಒಪ್ಪಿಸಿದೆವು.

ಊಟದ ದಿನ ಹೆಂಗಸರೆಲ್ಲ ಹಜಾರದಲ್ಲಿ ತಲೆ ಮೇಲೆತ್ತಿದವರು ಇಳಿಸಲೇ ಇಲ್ಲವಂತೆ. ಫೋಟೊಗಳು ಇನ್‌ಸ್ಟಾಗ್ರಾಮಿಗೆ ಹೋದವು. ಪ್ಯಾರಿಸ್ಸಿನ ಚಿನ್ನ, ಕುವೈತಿನ ಹಾಯಿ, ಎಂಥ ಕಲ್ಪನೆ ಎಂದು ಜನ ಹೊಗಳಿದರು. ಇದು ಮೊದಲಿನಿಂದಲೂ ತಮ್ಮ ಮನಸ್ಸಿನಲ್ಲಿ ಇದ್ದದ್ದೇ ಎಂದು ಯಜಮಾನಿ ಉತ್ತರ ಬರೆದರು. ಬಾರದಿದ್ದ ಚಿತ್ರಕಾರ ಪುಣ್ಯವಂತ, ಯಾರೋ ಅವನ ಹೆಸರನ್ನೂ ಅಲ್ಲಿ ಸೇರಿಸಿದ್ದರು. ನಮ್ಮ ಮ್ಯಾನೇಜರಿಗೆ ಅದೇ ಛಾವಣಿ ಬೇಕೆಂದು ಫೋನುಗಳು ಬರತೊಡಗಿದವು. ಅವರು ಅದಕ್ಕೆ 'ಕುವೈತಿ ಕ್ಲಾಸಿಕ್' ಎಂದು ಹೆಸರಿಟ್ಟು, ಅಪ್ಪಟ ಹತ್ತೊಂಬತ್ತನೇ ಶತಮಾನದ ಶೈಲಿ ಎಂದು ವಿವರ ಬರೆಸಿದರು. ಈಗ ನಾನು ಆ ಹಡಗುಗಳನ್ನು ಕಂಪ್ಯೂಟರಿನಲ್ಲಿ ಎಳೆದು ಕೊಡುತ್ತೇನೆ, ಯಂತ್ರ ಅದನ್ನು ಬಟ್ಟೆಯ ಮೇಲೆ ಮುದ್ರಿಸುತ್ತದೆ. ಛಾವಣಿಗೆ ಅಂಟಿಸಲು ಅರ್ಧ ದಿನ ಸಾಕು. ಮೊನ್ನೆ ಒಬ್ಬ ಗಿರಾಕಿ ಹಡಗುಗಳು ಇಷ್ಟು ತಗ್ಗಿನಲ್ಲಿ ಏಕಿವೆ, ಸ್ವಲ್ಪ ಎತ್ತರಿಸಿ ಎಂದರು. ಎತ್ತರಿಸಿದೆ, ಒಂದು ಗುಂಡಿ ಒತ್ತಿ.

ಹಜ್ಜಿಯಾ ಹೊಸ ಮನೆಗೆ ಬಂದು ನೆಲೆಸಲು ಒಪ್ಪಲು ಬಹಳ ದಿನ ಹಿಡಿಯಿತು. ಕೊನೆಗೆ ಒಪ್ಪಿದಾಗ ಒಂದು ಷರತ್ತು ಹಾಕಿದರು. ತಮ್ಮ ಕೋಣೆಯನ್ನು ಮಂಜಲೂರಿನವನೇ ಬಂದು ಮಾಡಿಕೊಡಬೇಕು. ನಾನು ಬಣ್ಣಗಳ ಪೆಟ್ಟಿಗೆ, ಕುಂಚಗಳನ್ನೆಲ್ಲ ಜೋಡಿಸಿಕೊಂಡು ಹೋದೆ. ನೌಖದಾ ಅಪ್ಪನ ಚಿತ್ರ ಬೇಡವೆಂದರೂ ಸಮುದ್ರವನ್ನಾದರೂ ಕೇಳಬಹುದು ಎಂದುಕೊಂಡಿದ್ದೆ. ಅದು ಸಾದಾ ಚೌಕದ ಕೋಣೆ. ಎಸಿ, ಟ್ಯೂಬ್‌ಲೈಟು, ಕಿಟಕಿ, ಕಬ್ಬಿಣದ ಮಂಚ.

"ಏನು ಬರೆಯಲಿ?" ಎಂದು ಫೋರ್‌ಮನ್ ಮೂಲಕ ಕೇಳಿಸಿದೆ.

ಹಜ್ಜಿಯಾ ನಾಲ್ಕೂ ಗೋಡೆಗೆ ಕೈ ತೋರಿಸಿದರು. "ಅಬ್ಯದ್," ಎಂದರು.

"ಬಿಳಿ," ಎಂದರು ಫೋರ್‌ಮನ್. "ಬರೀ ಬಿಳಿ ಸಾಕಂತೆ ಪೊರ್ಬುಗಳೇ."

ಪೆಟ್ಟಿಗೆ ಮುಚ್ಚಿ ರೋಲರು ತರಿಸಿದೆ. ಸಂಜೆಯೊಳಗೆ ಕೋಣೆ ಮುಗಿಯಿತು. ಹಜ್ಜಿಯಾ ಕುರ್ಚಿಯನ್ನು ಒಂದು ಸುತ್ತು ತಳ್ಳಿಸಿಕೊಂಡು ನೋಡಿದರು, ಖುಷಿಯಾದರು, ಏಲಕ್ಕಿ ಹಾಕಿದ ಚಹಾ ತರಿಸಿದರು. ಅರ್ಧ ಕುಡಿದಿದ್ದೆ, ಕಿಟಕಿಯ ಮೇಲಿನ ಮೂಲೆಯತ್ತ ಬೆರಳು ಮಾಡಿದರು. ಅಂಗೈಯಷ್ಟು ಜಾಗ ಬಿಟ್ಟುಹೋಗಿತ್ತು. ಲೋಟ ಕೆಳಗಿಟ್ಟು ಏಣಿ ಹತ್ತಿದೆ.